ಕ್ಯಾಲೆಂಡರಿನ ಕೆಳಗಿನ ಹೆಸರು

(ಗದಗ-ಬೆಟಗೇರಿಯ ಸಣ್ಣ ವ್ಯಾಪಾರಿಗಳು ಸೇರಿದ್ದ ಒಂದು ಸಂಜೆ, ಇಂಟರ್ನೆಟ್ಟಿನಲ್ಲಿ ಅಂಗಡಿಯ ಹೆಸರನ್ನು ಜನಕ್ಕೆ ಮುಟ್ಟಿಸುವುದು ಹೇಗೆ ಅಂತ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ನಮ್ಮ ಕಡೆಯ ಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೇ ಬಿಟ್ಟಿದ್ದೇನೆ.)

ಎಲ್ಲಾರಿಗೂ ನಮಸ್ಕಾರ್ರಿ.

ಈಗ ನನ್ನ ಪರಿಚಯ ಮಾಡಿಕೊಟ್ಟವರು ‘ಡಿಜಿಟಲ್ ಮಾರ್ಕೆಟಿಂಗ್ ತಜ್ಞರು’ ಅಂದುಬಿಟ್ಟರು. ಆ ಮಾತನ್ನು ಹೊಡೆದುಹಾಕಿಬಿಡಿ. ನಾನು ಪ್ರೆಸ್ಸಿನವ. ನಮ್ಮಪ್ಪ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ ಜೋಡಿಸುತ್ತಿದ್ದರು. ನಾನು ಟ್ರೆಡಲ್ ಅನ್ನೋ ಅಚ್ಚಿನ ಮಶಿನ್ನಿಗೆ ಒಂದೊಂದೇ ಕಾಗದ ಕೊಡುತ್ತ ದೊಡ್ಡವನಾದೆ. ಮುದ್ರಣ ಕಾಶಿ ಅಂತ ಕರೆಸಿಕೊಂಡ ಊರಿನಲ್ಲಿ ಪ್ರೆಸ್ಸಿನವ ಅನ್ನೋದು ಬಿರುದೇನಲ್ಲ, ಓಣಿಗೊಬ್ಬ ಸಿಗುತ್ತಾನೆ. ಇಲ್ಲಿ ಕೂತವರಲ್ಲಿ ಹಲವರ ಬಿಲ್‌ಬುಕ್ಕು ಮಾಡಿಕೊಟ್ಟಿದ್ದೇನೆ. ಕೆಲವರದು ಇನ್ನೂ ಉದ್ರಿ ಇದೆ, ಆ ಮಾತು ಇವತ್ತು ಬೇಡ.

ಒಂದು ಹಳೆಯ ತಪ್ಪಿನಿಂದ ಶುರು ಮಾಡುತ್ತೇನೆ. ಒಂದು ವರ್ಷ ತೋಂಟದಾರ್ಯ ಜಾತ್ರೆಗೆ ಅಂತ ಒಬ್ಬ ಬಟ್ಟೆ ಅಂಗಡಿಯವರು 5000 ಹ್ಯಾಂಡ್‌ಬಿಲ್ ಮಾಡಿಸಿದರು. ತಿಳಿಗುಲಾಬಿ ಕಾಗದ, ದಪ್ಪ ಅಕ್ಷರ. ಹುಡುಗರು ಜಾತ್ರೆಯಲ್ಲಿ ಹಂಚಿದರು. ಸಂಜೆ ನಾನು ಗಾಡಿಯ ಮುಂದೆ ನಿಂತು ಮಿರ್ಚಿ ತಗೊಂಡೆ. ಕಟ್ಟಿಕೊಟ್ಟದ್ದು ನನ್ನದೇ ಹ್ಯಾಂಡ್‌ಬಿಲ್ಲಿನಲ್ಲಿ! ಸರಿ, ತಿನ್ನುತ್ತ ಓದಿದೆ. ಎಣ್ಣೆ ಹತ್ತಿದಾಗ ಅಕ್ಷರ ಇನ್ನಷ್ಟು ಚಂದ ಕಾಣುತ್ತದೆ. ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿತ್ತು. 5000ಕ್ಕೆ 5000ವೂ ತಪ್ಪು. ಪ್ರೂಫ್ ನೋಡಿದವನು ನಾನೇ. ತಿಂಗಳಾದ ಮೇಲೆ ಆ ಅಂಗಡಿಯವರು ಬಂದು “ಒಂದ ಫೋನೂ ಬರಲಿಲ್ಲಲ್ರೀ” ಅಂದಾಗ ನಿಜ ಹೇಳಿದೆ. ಮತ್ತೆ ಪುಕ್ಕಟೆ ಮಾಡಿಕೊಟ್ಟೆ. ಸರಿಯಾದ ನಂಬರ್ ಇದ್ದ ಆ ಎರಡನೇ ಕಂತಿನಿಂದ ಎಷ್ಟು ಫೋನ್ ಬಂದವು ಗೊತ್ತೇನು? ಎರಡು. ಅದರಲ್ಲೊಂದು ಹ್ಯಾಂಡ್‌ಬಿಲ್ ಎಲ್ಲಿ ಮಾಡಿಸಿದಿರಿ ಅಂತ ಕೇಳಲು.

ಹ್ಯಾಂಡ್‌ಬಿಲ್ಲಿನ ಹಣೆಬರಹವೇ ಅಷ್ಟು. ಸೀರೆ ಬೇಕಾಗಿಲ್ಲದವನ ಕೈಗೆ ಸೀರೆಯ ಕಾಗದ ತುರುಕುತ್ತೇವೆ. ಅವನಿಗೆ ಆ ಹೊತ್ತಿಗೆ ಬೇಕಾದದ್ದು ಮಿರ್ಚಿ.

ಈಗ ಅದೇ ಪ್ರೆಸ್ಸಿನಲ್ಲಿ ಡಿಸೆಂಬರ್ ತಿಂಗಳು ನೆನಪಿಸಿಕೊಳ್ಳಿ. ಕ್ಯಾಲೆಂಡರ್ ಕೆಲಸ. ಮೇಲೆ ಬಸವಣ್ಣನವರದೋ ಲಕ್ಷ್ಮಿಯದೋ ಚಿತ್ರ, ನಡುವೆ ತಾರೀಖು, ಅಮವಾಸ್ಯೆ, ಹುಣ್ಣಿಮೆ, ಸರ್ಕಾರಿ ರಜೆ. ಎಲ್ಲಕ್ಕಿಂತ ಕೆಳಗೆ ಒಂದು ಪಟ್ಟಿಯಲ್ಲಿ ಅಂಗಡಿಯ ಹೆಸರು. ಅದನ್ನು ಯಾರೂ ಹರಿಯುವುದಿಲ್ಲ. ತಾವೇ ಕೇಳಿ ತಗೊಂಡು ಹೋಗಿ, ಮೊಳೆ ಹೊಡೆದು, ಅಡಿಗೆಮನೆ ಗೋಡೆಗೆ ತೂಗುಹಾಕುತ್ತಾರೆ. ಹಾಲಿನ ಲೆಕ್ಕ ಅದರ ಮೇಲೆ, ಗ್ಯಾಸ್ ಹಚ್ಚಿದ ದಿನ ಅದರ ಮೇಲೆ. ಹನ್ನೆರಡು ತಿಂಗಳು ಮನೆಮಂದಿ ಆ ಹೆಸರು ನೋಡುತ್ತಾರೆ. ಕಾಗದವೂ ಅದೇ, ಶಾಯಿಯೂ ಅದೇ. ಕ್ಯಾಲೆಂಡರ್ ಅವರ ಕೆಲಸಕ್ಕೆ ಬರುತ್ತದೆ, ಅದಕ್ಕೆ ಉಳಿಯುತ್ತದೆ.

ಬ್ಲಾಗು (ಇಂಟರ್ನೆಟ್ಟಿನಲ್ಲಿ ನಮ್ಮ ಬರಹ ಇಡುವ ಜಾಗ), ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಅಂತ ನಾನು ಇವತ್ತು ಏನೇ ಹೇಳಿದರೂ ಈ ಎರಡು ಕಾಗದ ನಿಮ್ಮ ಕಣ್ಣ ಮುಂದೆ ಇರಲಿ. ನಮ್ಮ ಹೆಚ್ಚಿನ ವ್ಯಾಪಾರಸ್ಥರು ಹತ್ತು ಸಾವಿರದ ಮೊಬೈಲ್ ತಗೊಂಡು ಮತ್ತೆ ಹ್ಯಾಂಡ್‌ಬಿಲ್ಲನ್ನೇ ಹಂಚುತ್ತಿದ್ದಾರೆ. ಬೆಳಗ್ಗೆ ಎದ್ದ ಕೂಡಲೆ ಗುಲಾಬಿ ಹೂವಿನ ‘ಶುಭೋದಯ’, ಕೆಳಗೆ ಅಂಗಡಿ ಹೆಸರು. ಹಬ್ಬಕ್ಕೊಂದು ಫ್ಲೆಕ್ಸಿನ ಚಿತ್ರ. ‘ಭಾರೀ ರಿಯಾಯಿತಿ’ ಅಂತ ಕೆಂಪು ಅಕ್ಷರ. ಯಾರ ಉಪಯೋಗಕ್ಕೆ ಬಂತು ಅದು?

ಹಾಗಾದರೆ ಏನು ಬರೆಯಬೇಕು? ಇದಕ್ಕೆ ಬೆಟಗೇರಿಯ ಒಬ್ಬ ಸೀರೆ ಅಂಗಡಿಯವರ ಕತೆ ಹೇಳುತ್ತೇನೆ. ಇಲ್ಲೇ ಕೂತಿರಬಹುದು, ಹೆಸರು ಹೇಳುವುದಿಲ್ಲ. “ಏನ್ ಬರೀಲ್ರೀ, ನನಗ ಬರೆಯಾಕ ಬರೂದಿಲ್ಲ” ಅಂದರು. ಒಂದು ನಲವತ್ತು ಪುಟದ ನೋಟ್‌ಬುಕ್ ಕೊಟ್ಟೆ. ಗಲ್ಲೆಯ ಪಕ್ಕ ಇಟ್ಟುಕೊಳ್ಳಿ, ಒಂದು ವಾರ ಗಿರಾಕಿಗಳು ಕೇಳಿದ ಪ್ರಶ್ನೆ ಬರೆಯಿರಿ, ಉತ್ತರ ಬೇಡ, ಬರೇ ಪ್ರಶ್ನೆ ಅಂದೆ. ವಾರದ ಮೇಲೆ ನೋಡಿದರೆ ಹೀಗಿತ್ತು: “ಇದು ಕೈಮಗ್ಗದ್ದೋ, ಪವರ್‌ಲೂಮಿಂದೋ?” “ಬಣ್ಣ ಬಿಡತೈತೇನ್ರಿ?” “ತವರಮನಿಗೆ ಒಯ್ಯಾಕ ಐದು ಸೀರಿ ಬೇಕ್ರಿ, ಎಷ್ಟಕ್ಕ ಕೊಡ್ತೀರಿ?” “ಸೋಮವಾರ ತಗದಿರ್ತದೇನು?” “ಸೆರಗು ಸೇರಿ ಎಷ್ಟ ಉದ್ದ?” “ಈ ಸೀರಿಗೆ ಕುಪ್ಪಸದ ಕಣ ಬರ್ತದೋ, ಬ್ಯಾರೆ ತಗೋಬೇಕೋ?” “ನಮ್ಮ ಅವ್ವ ಉಡೂವಂಥಾ ಸೀರಿ ಈಗ ನೇಯ್ತಾರೇನು?”

ಒಂದೇ ವಾರಕ್ಕೆ ಮೂವತ್ತೊಂದು ಪ್ರಶ್ನೆ. ಇವಕ್ಕೆಲ್ಲ ಅವರು ದಿನಕ್ಕೆ ಹತ್ತು ಸಲ ಬಾಯಿಂದ ಉತ್ತರ ಕೊಡುತ್ತಾರೆ, ತಡವರಿಸದೆ. ಬರೆಯಲು ಬರುವುದಿಲ್ಲ ಅಂದವರು ಅವರೇ! “ಹೊಸ ನೂಲಿನ ಸೀರಿ ಮೊದಲನೇ ಸಲ ಒಂದನ್ನ ಬ್ಯಾರೆ ಇಟ್ಟು ತಣ್ಣೀರಾಗ ತೊಳೀರಿ, ನೆರಳಾಗ ಒಣಗಿಸ್ರಿ” ಅಂತ ಗಿರಾಕಿಗೆ ಹೇಳಿದ್ದನ್ನು ಹಾಗೇ ಬರೆದು, ಎರಡು ಫೋಟೊ ಹಾಕಿದರೆ ಅದೊಂದು ಬ್ಲಾಗ್ ಬರಹ. ನಾಲ್ಕನೇ ಪ್ರಶ್ನೆ ಇದೆಯಲ್ಲ, ಸೋಮವಾರ ತೆಗೆದಿರುತ್ತದೇನು ಅನ್ನೋದು, ಅದು ಬರಹ ಆಗುವುದಿಲ್ಲ, ಗೂಗಲ್ ಮ್ಯಾಪಿಗೆ ಹೋಗಬೇಕಾದದ್ದು. ಐದು ಸೀರೆಯ ದರ ವಾಟ್ಸ್‌ಆ್ಯಪ್ ಕ್ಯಾಟಲಾಗಿಗೆ, ಅಂದರೆ ಅದರೊಳಗಿನ ಸಾಮಾನಿನ ಪಟ್ಟಿಗೆ. ಅವ್ವ ಉಡುವ ಸೀರೆಯ ಮಾತು ವಿಡಿಯೊ: ಕುಣಿಮಗ್ಗದಲ್ಲಿ (ನೆಲದ ಗುಂಡಿಯಲ್ಲಿ ಕಾಲಿಟ್ಟು ನೇಯುವ ಮಗ್ಗ) ಕೂತ ಹಿರಿಯರ ಕೈ, ಲಾಳಿ ಅತ್ತಿತ್ತ ಓಡುವ ಸದ್ದು. ಅದಕ್ಕೆ ಹಿಂದಿನಿಂದ ಸಿನಿಮಾ ಹಾಡು ಸುರುವಬೇಡಿ. ಮಗ್ಗದ ಸದ್ದಿಗಿಂತ ಒಳ್ಳೆಯ ತಾಳ ಯಾವ ಹಾಡಿನಲ್ಲಿದೆ? ಮೇಲಾಗಿ ಹಾಡಿನ ಹಕ್ಕು ಇನ್ನೊಬ್ಬರದು. ಇನ್‌ಸ್ಟಾಗ್ರಾಂನಲ್ಲಿ ವ್ಯಾಪಾರದ ಖಾತೆ ಮಾಡಿದವರಿಗೆ ಬಹಳ ಹಾಡು ಸಿಗದೇ ಇರುವುದು ಅದಕ್ಕೇ. ಮಗಳ ಖಾತೆಯಲ್ಲಿ ಬರುವ ಹಾಡು ನನ್ನ ಖಾತೆಯಲ್ಲಿ ಯಾಕೆ ಬರುವುದಿಲ್ಲ ಅಂತ ಒಬ್ಬರು ಮೊಬೈಲನ್ನೇ ರಿಪೇರಿಗೆ ಕೊಟ್ಟಿದ್ದರು.

ಯಾವ ಪ್ರಶ್ನೆಯ ಉತ್ತರ ಎಲ್ಲಿಗೆ ಹೋಗಬೇಕು ಅನ್ನೋದರಲ್ಲೇ ಈ ವಿದ್ಯೆಯ ಅರ್ಧ ಇದೆ.

ಮೊದಲು ಮ್ಯಾಪು. ನಿಮ್ಮಲ್ಲಿ ಬೇರೇನೂ ಮಾಡದವರು ಇದೊಂದನ್ನಾದರೂ ಮಾಡಿ. ಮ್ಯಾಪಿನಲ್ಲಿ ಅಂಗಡಿ ತೋರಿಸುವ ಈ ಖಾತೆ ಮೊದಲು ಗೂಗಲ್ ಮೈ ಬಿಸಿನೆಸ್ ಅಂತಿತ್ತು, 2021ರಿಂದ ಗೂಗಲ್ ಬಿಸಿನೆಸ್ ಪ್ರೊಫೈಲ್ ಆಗಿದೆ. ಪೂರ್ತಿ ಪುಕ್ಕಟೆ. ಅಂಗಡಿ ನಿಜವಾಗಿ ಇದೆಯೋ ಇಲ್ಲವೋ ಅಂತ ಅವರು ಖಾತ್ರಿ ಮಾಡಿಕೊಳ್ಳುತ್ತಾರೆ. ಈಗ ಹೆಚ್ಚಾಗಿ ಅಂಗಡಿಯ ಬೋರ್ಡು, ಒಳಗಿನ ಜಾಗ ತೋರಿಸುವ ವಿಡಿಯೊ ಕೇಳುತ್ತಾರೆ. ಆಮೇಲೆ ತೆರೆಯುವ ಹೊತ್ತು, ಮುಚ್ಚುವ ಹೊತ್ತು, ವಾರದ ರಜೆ, ಫೋನ್ ನಂಬರು. ನಂಬರನ್ನು ಎರಡು ಸಲ ಓದಿ, ನನ್ನ ಮಿರ್ಚಿ ಕಾಗದ ನೆನಪಿರಲಿ. ಅಂಗಡಿಯ ಹೆಸರು ಬೋರ್ಡಿನ ಮೇಲೆ ಇದ್ದಂತೆ ಇರಲಿ. ‘ಗದಗ ಬೆಸ್ಟ್ ಸೀರೆ ಕಡಿಮೆ ದರ’ ಅಂತ ಹೆಸರಿಗೇ ಬಾಲ ಕಟ್ಟುವುದು ಗೂಗಲ್ ನಿಯಮಕ್ಕೆ ವಿರುದ್ಧ, ಖಾತೆಯೇ ಹೋಗಬಹುದು. ವಿವರಣೆಯಲ್ಲಿ ಮಾತ್ರ ಜನ ಹುಡುಕುವ ಶಬ್ದ ಎಲ್ಲ ಬರಲಿ. ಹುಬ್ಬಳ್ಳಿಯವರಿಗೆ ಇದು ಚೆನ್ನಾಗಿ ಗೊತ್ತು. 2014ರ ನವೆಂಬರ್ 1ರಿಂದ ಇಂಗ್ಲಿಷ್ ಬರಹದಲ್ಲೂ ‘ಹುಬ್ಬಳ್ಳಿ’ ಆಯಿತು, ಆದರೆ ಜನ ಇನ್ನೂ ಹಳೆಯ ‘ಹುಬ್ಲಿ’ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ. ಎರಡೂ ಇರಲಿ.

ನಡುವೆ ಒಂದು ಎಚ್ಚರಿಕೆ. “ಗೂಗಲ್ ಕಂಪನಿಯಿಂದ ಮಾತಾಡ್ತಾ ಇದೀವಿ, ದುಡ್ಡು ಕಟ್ಟದಿದ್ರೆ ನಿಮ್ಮ ಅಂಗಡಿ ಮ್ಯಾಪಿಂದ ತೆಗೀತೀವಿ” ಅಂತ ಫೋನ್ ಬರುತ್ತದೆ. ಮೋಸ. “ಐವತ್ತು ಸೀರೆ ಬೇಕು, ಮುಂಗಡ ಕಳಿಸ್ತೀನಿ, ಈ ಕ್ಯುಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ” ಅಂತಲೂ ಬರುತ್ತದೆ. ದುಡ್ಡು ಬರುವುದಕ್ಕೆ ಪಿನ್ ಬೇಕಾಗುವುದಿಲ್ಲ, ಹೋಗುವುದಕ್ಕೆ ಬೇಕು. ಹೋಗಿಬಿಟ್ಟರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನು ವಾಟ್ಸ್‌ಆ್ಯಪ್. ರೊಟ್ಟಿ ಮಾಡುವ ನಮ್ಮ ಓಣಿಯ ಅಕ್ಕಾರು ನನಗಿಂತ ಚೆನ್ನಾಗಿ ನಡೆಸುತ್ತಾರೆ. ವ್ಯಾಪಾರಸ್ಥರಿಗೆ ಅಂತಲೇ ಬೇರೆ ವಾಟ್ಸ್‌ಆ್ಯಪ್ 2018ರಲ್ಲಿ ಬಂತು. ಅದರಲ್ಲಿ ಸಾಮಾನಿನ ಪಟ್ಟಿಯನ್ನು ಫೋಟೊ, ದರ ಸಮೇತ ಇಡಬಹುದು, ಮೇಲಿಂದ ಮೇಲೆ ಬರುವ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿ ಇಟ್ಟುಕೊಳ್ಳಬಹುದು. ಜೋಳದ ಕಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಎಲ್ಲ ಒಂದೊಂದು ಫೋಟೊ. “ರೊಟ್ಟಿ ಎಷ್ಟ ದಿವಸ ಇರ್ತಾವ?” ಅನ್ನೋ ಪ್ರಶ್ನೆಗೆ ಉತ್ತರ ಬರೆದಿಟ್ಟುಬಿಟ್ಟಿದ್ದಾರೆ. ಪ್ರಶ್ನೆ ಬಂದ ಕೂಡಲೆ ಒಂದು ಒತ್ತು, ಹೋಯಿತು. ಒಲೆ ಮುಂದೆ ಕೂತವರಿಗೆ ಹಿಟ್ಟಿನ ಕೈಯಲ್ಲಿ ಟೈಪ್ ಮಾಡುವ ತ್ರಾಸಿಲ್ಲ.

ಅವರು ಮೊದಲು ಮಾಡಿದ ತಪ್ಪು ಗ್ರೂಪು. ಗಿರಾಕಿಗಳನ್ನೆಲ್ಲ ಒಂದು ಗ್ರೂಪಿಗೆ ಸೇರಿಸಿದರು. ಎಲ್ಲರ ನಂಬರ್ ಎಲ್ಲರಿಗೂ ಕಂಡಿತು. ಯಾವನೋ ಒಬ್ಬ ಅದರೊಳಗಿನ ಹೆಣ್ಣುಮಕ್ಕಳಿಗೆ ‘ಹಾಯ್’ ಕಳಿಸಲು ಶುರು ಮಾಡಿದ. ನಾಲ್ಕೇ ದಿನಕ್ಕೆ ಅರ್ಧ ಜನ ಹೊರಟುಹೋದರು. ಅಕ್ಕಾರು ಮನೆಮನೆಗೆ ಹೋಗಿ ಕ್ಷಮೆ ಕೇಳಿ ಬಂದರು. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ ಈ ತ್ರಾಸಿಲ್ಲ, ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಒಂದು ಪಟ್ಟಿಗೆ 256 ಜನ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಹಾಗಾಗಿ ಅಕ್ಕಾರು ಪ್ರತಿ ರೊಟ್ಟಿ ಕಟ್ಟಿನೊಳಗೂ ಒಂದು ಚೀಟಿ ಹಾಕುತ್ತಾರೆ: ‘ಈ ನಂಬರ್ ಸೇವ್ ಮಾಡ್ಕೊಳ್ರಿ, ಹೋಳಿಗಿ ಮಾಡಿದ ದಿವಸ ತಿಳಸ್ತೀನಿ.’ ಆ ಚೀಟಿ ನಮ್ಮ ಪ್ರೆಸ್ಸಿನದು, ಇರಲಿ. ವಾರಕ್ಕೆ ಒಂದೇ ಸಂದೇಶ. ಅದಕ್ಕಿಂತ ಹೆಚ್ಚಾದರೆ ಜನ ಬ್ಲಾಕ್ ಮಾಡುತ್ತಾರೆ, ದೂರು ಹಾಕುತ್ತಾರೆ, ಬಹಳ ದೂರು ಬಿದ್ದರೆ ನಂಬರೇ ಬಂದ್. ತಿನ್ನುವ ಸಾಮಾನು ಮಾರುವವರು ಆಹಾರ ಸುರಕ್ಷತೆಯ 14 ಅಂಕಿಯ ನೋಂದಣಿ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಲೇಬೇಕು. ಅದನ್ನೇ ಕ್ಯಾಟಲಾಗಿನಲ್ಲೂ ತೋರಿಸಿ. ಪುಣೆಯಲ್ಲಿ ಕೂತವರಿಗೆ ನಿಮ್ಮ ಮುಖ ಗೊತ್ತಿಲ್ಲ, ಆ ಸಂಖ್ಯೆಯಿಂದ ಅರ್ಧ ಭರವಸೆ ಬರುತ್ತದೆ.

ರೀಲ್ಸಿನ ವಿಷಯಕ್ಕೆ ಬಂದರೆ, ಅದು ಈ ಕಾಲದ ಹ್ಯಾಂಡ್‌ಬಿಲ್ಲು. ಬೇಡ ಅನ್ನುವುದಿಲ್ಲ. ಗೊತ್ತಿಲ್ಲದ ಜನರ ಕಣ್ಣಿಗೆ ಬೀಳಲು ಅದರಷ್ಟು ಜೋರಾದದ್ದು ಬೇರಿಲ್ಲ. ಆದರೆ ಜಾಗ ಯಾರದು ಅನ್ನೋದು ಮರೆಯಬೇಡಿ. ಹುಬ್ಬಳ್ಳಿಯಲ್ಲಿ ಗಿರಮಿಟ್ ಗಾಡಿ ಇಟ್ಟ ನನ್ನ ಪರಿಚಯದ ಹುಡುಗ ಟಿಕ್‌ಟಾಕಿನಲ್ಲಿ ಹೆಸರು ಮಾಡಿದ್ದ. ಚುರುಮುರಿ ಮೇಲೆ ಉಳ್ಳಾಗಡ್ಡಿ, ಪುಟಾಣಿ ಹಿಟ್ಟು ಹಾರಿಸಿ ಕಲಸುವ ಅವನ ಕೈಚಳಕ ನೋಡಲು ಕಾಲೇಜು ಹುಡುಗರು ಬರುತ್ತಿದ್ದರು. 2020ರ ಜೂನ್ 29ರ ರಾತ್ರಿ ಕೇಂದ್ರ ಸರ್ಕಾರ 59 ಆ್ಯಪ್ ನಿಷೇಧಿಸಿತು, ಅದರಲ್ಲಿ ಟಿಕ್‌ಟಾಕೂ ಹೋಯಿತು. ಸರ್ಕಾರದ ನಿರ್ಧಾರ ಸರಿಯೋ ತಪ್ಪೋ ಆ ಚರ್ಚೆ ಬೇರೆ. ಹುಡುಗನ ಹತ್ತಿರ ಒಬ್ಬ ಗಿರಾಕಿಯ ಫೋನ್ ನಂಬರೂ ಇರಲಿಲ್ಲ. ವರ್ಷಗಟ್ಟಲೆ ಕೂಡಿಸಿದ್ದು ಬೆಳಗಾಗುವುದರೊಳಗೆ ಖಾಲಿ. ಬಾಡಿಗೆ ಜಾಗದಲ್ಲಿ ಅಂಗಡಿ ಹಾಕಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದಕ್ಕೇ ನಾನು ಹಳೆಯ ಕಾಲದವನಂತೆ ಬ್ಲಾಗು ಬ್ಲಾಗು ಅನ್ನುವುದು. ಸ್ವಂತ ಹೆಸರಿನ ಒಂದು ವಿಳಾಸಕ್ಕೆ ವರ್ಷಕ್ಕಿಷ್ಟು ಅಂತ ಕಟ್ಟಿದರೆ ಅದು ನಿಮ್ಮದು. ಬರೆದದ್ದರ ಪ್ರತಿ ನಿಮ್ಮ ಹತ್ತಿರ ಇರುತ್ತದೆ, ಇಲ್ಲಿ ಸರಿಬರದಿದ್ದರೆ ಕಟ್ಟಿಕೊಂಡು ಬೇರೆ ಕಡೆ ಹೋಗಬಹುದು. ರೀಲ್ಸು ಎರಡು ದಿನಕ್ಕೆ ಹಳೆಯದು. ‘ಹೊಸ ನೂಲಿನ ಸೀರೆ ತೊಳೆಯುವುದು ಹೇಗೆ’ ಅನ್ನೋ ಬರಹ ಮೂರು ವರ್ಷದ ಮೇಲೂ ಯಾರೋ ಹುಡುಕಿದಾಗ ಸಿಗುತ್ತದೆ. ಸಿಕ್ಕವರು ಕೆಳಗಿನ ಹೆಸರು ನೋಡುತ್ತಾರೆ. ಇದೇ ನಾನು ಹೇಳಿದ ಕ್ಯಾಲೆಂಡರ್.

ಆದರೆ ಅದು ಸಿಗಬೇಕಾದರೆ ಒಂದು ಮಾತು, ಇದು ನಮ್ಮ ಪ್ರೆಸ್ಸಿನವರ ಒಳಗಿನ ಗುಟ್ಟು. ನಾವು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ ಮಾಡುವುದು ಬಹುಪಾಲು ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ, ಇಲ್ಲ ಶ್ರೀಲಿಪಿ ತಂತ್ರಾಂಶದಲ್ಲಿ. ಅವು ಕಾಗದದ ಮೇಲೆ ಮುತ್ತಿನಂಥ ಕನ್ನಡ. ಒಳಗೆ ಮಾತ್ರ ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ. ಆ ಫೈಲಿನಿಂದ ನಕಲು ತೆಗೆದು ಫೇಸ್‌ಬುಕ್ಕಿಗೆ ಅಂಟಿಸಿದರೆ ವೇಷ ಕಳಚಿ ಅಡ್ಡಾದಿಡ್ಡಿ ಅಕ್ಷರ ಬರುತ್ತದೆ. ಅದಕ್ಕೆ ನಮ್ಮವರು ಚಿತ್ರ ಮಾಡಿ ಹಾಕುತ್ತಾರೆ. ಚಿತ್ರದೊಳಗಿನ ಅಕ್ಷರ ಹುಡುಕಾಟದಲ್ಲಿ ಸರಿಯಾಗಿ ಸಿಗುವುದಿಲ್ಲ. ಮೊಬೈಲಿನಲ್ಲಿ ನೀವು ಕನ್ನಡ ಟೈಪ್ ಮಾಡುತ್ತೀರಲ್ಲ, ಅದು ಯುನಿಕೋಡ್, ಎಲ್ಲ ಫೋನು, ಕಂಪ್ಯೂಟರಿಗೂ ಒಂದೇ ಥರ ತಿಳಿಯುವ ಅಕ್ಷರ. ಅದರಲ್ಲೇ ಬರೆಯಿರಿ, ಟೈಪ್ ಬೇಸರವಾದರೆ ಮೈಕ್ ಒತ್ತಿ ಹೇಳಿರಿ, ಆಮೇಲೆ ತಿದ್ದಿರಿ. ಇನ್ನೊಂದು ಕಾರಣ ಇದೆ. ಕಣ್ಣು ಕಾಣದಿದ್ದರೂ ಸಂಗೀತದಲ್ಲಿ ಹೆಸರಾದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬಾಳಿದ ಊರು ಇದು. ಕಣ್ಣು ಕಾಣದವರು ಅವರ ವೀರೇಶ್ವರ ಪುಣ್ಯಾಶ್ರಮಕ್ಕೆ ಎಲ್ಲೆಲ್ಲಿಂದಲೋ ಕಲಿಯಲು ಬಂದಿದ್ದಾರೆ. ಈಗ ಫೋನು ತಾನೇ ಅಕ್ಷರ ಓದಿ ಹೇಳುತ್ತದೆ, ಅವರೂ ಬಳಸುತ್ತಾರೆ. ನಿಮ್ಮ ಫ್ಲೆಕ್ಸಿನ ಚಿತ್ರ ಬಂದಾಗ ಆ ಫೋನು ಬಹಳ ಸಲ ‘ಚಿತ್ರ’ ಅಂದು ಸುಮ್ಮನಾಗುತ್ತದೆ. ಚಿತ್ರ ಹಾಕಿ, ಅದರ ಕೆಳಗೆ ಅದೇ ಮಾತನ್ನು ಅಕ್ಷರದಲ್ಲೂ ಬರೆಯಿರಿ.

ಹೆಸರು ಕೆಡಿಸಿಕೊಳ್ಳುವ ದಾರಿಗಳನ್ನು ಬೇಗ ಮುಗಿಸುತ್ತೇನೆ. ದುಡ್ಡು ಕೊಟ್ಟು ಫಾಲೋವರ್ಸ್ ಕೊಳ್ಳಬೇಡಿ, ಅವರು ಮಿರ್ಚಿ ಕೂಡ ತಿನ್ನುವುದಿಲ್ಲ. ಮ್ಯಾಪಿನಲ್ಲಿ ತಮ್ಮವರಿಂದಲೇ ಐದು ಚುಕ್ಕೆ (ಸ್ಟಾರ್) ಹಾಕಿಸಿಕೊಳ್ಳುವುದು ಸಾಮಾನು ಇಡುವ ತಕ್ಕಡಿ ತಟ್ಟೆಯ ತಳಕ್ಕೆ ಹುಣಸೆಹಣ್ಣು ಅಂಟಿಸಿದಂತೆ, ಎಂದಾದರೂ ಗೊತ್ತಾಗುತ್ತದೆ. ಯಾರಾದರೂ ಕೆಟ್ಟದ್ದು ಬರೆದರೆ ಜಗಳಕ್ಕೆ ನಿಲ್ಲಬೇಡಿ. ಅಂಗಡಿಗೆ ಬಂದು ಬೈದವರಿಗೆ ಏನು ಹೇಳುತ್ತಿದ್ದಿರಿ? “ಬರ್ರಿ ಕೂಡ್ರಿ, ಏನಾತು ಹೇಳ್ರಿ” ಅನ್ನುತ್ತಿದ್ದಿರಿ. ಅದನ್ನೇ ಬರೆಯಿರಿ. ಆ ಉತ್ತರವನ್ನು ಬೈದವರು ಓದದಿದ್ದರೂ, ಮುಂದೆ ನಿಮ್ಮ ಅಂಗಡಿಗೆ ಬರಬೇಕೆಂದಿರುವ ನೂರು ಜನ ಓದುತ್ತಾರೆ. ನಾಲ್ಕು ಸಾವಿರ ಮಂದಿ ಹಿಂಬಾಲಿಸುವ ಹುಡುಗನಿಗೆ ದುಡ್ಡು ಕೊಟ್ಟೋ, ಪುಕ್ಕಟೆ ಊಟ ಕೊಟ್ಟೋ ನಿಮ್ಮ ಖಾನಾವಳಿಯ ವಿಡಿಯೊ ಮಾಡಿಸಿದರೆ ಅದು ಜಾಹೀರಾತು ಅಂತ ಅವನು ಹೇಳಬೇಕು; 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ಇನ್ನು ಬ್ಯಾಡಗಿ. ಸುಕ್ಕುಗಟ್ಟಿದ, ಬಣ್ಣ ಹೆಚ್ಚು ಖಾರ ಕಡಿಮೆ ಇರುವ ಆ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು (ಜಿಐ, ಆ ಸೀಮೆಯ ಸಾಮಾನಿಗೆ ಮಾತ್ರ ಆ ಹೆಸರು ಅನ್ನುವ ಗುರುತು) ಸಿಕ್ಕಿದೆ. ಗುಂಟೂರಿನ ಕಾಯಿ ಪುಡಿ ಮಾಡಿ ‘ಬ್ಯಾಡಗಿ’ ಅಂತ ಪೋಸ್ಟ್ ಹಾಕುವುದು ಸುಳ್ಳಷ್ಟೇ ಅಲ್ಲ, ಅದಕ್ಕೆ ಕಾನೂನಿದೆ. ಮೊದಲೆಲ್ಲ ಸುಳ್ಳು ಬಾಯಿಮಾತಿನಲ್ಲಿ ಹೋಗುತ್ತಿತ್ತು, ಈಗ ತಾರೀಖು ಸಮೇತ ಬರಹದಲ್ಲಿ ಉಳಿಯುತ್ತದೆ. ಅಸಲಿ ಮಾರುವವರು ಡಬ್ಬಿ ಕಾಯಿ ಯಾವುದು, ಕಡ್ಡಿ ಕಾಯಿ ಯಾವುದು, ಯಾವುದರ ಬಣ್ಣ ಸಾರಿಗೆ ಹೇಗೆ ಬರುತ್ತದೆ ಅಂತ ಎರಡು ಬಟ್ಟಲಿಟ್ಟು ತೋರಿಸಲಿ. ನೋಡಿ, ಅದೂ ಕ್ಯಾಲೆಂಡರೇ.

ಇನ್ನೊಂದು ತಪ್ಪು, ಇದು ನನ್ನದೇ. ಪ್ರೆಸ್ಸಿನ ಫೇಸ್‌ಬುಕ್ ಪೇಜು ಮಾಡಿಕೊಟ್ಟವನು ನನ್ನ ಅಣ್ಣನ ಮಗ. ಅವನ ಇಮೇಲು, ಅವನ ಫೋನು, ಅವನ ಪಾಸ್‌ವರ್ಡು. ಬೆಂಗಳೂರಿಗೆ ಕೆಲಸಕ್ಕೆ ಹೋದ, ನಂಬರ್ ಬದಲಾಯಿಸಿದ, ಹಳೆಯ ಇಮೇಲ್ ಮರೆತ. ಪೇಜು ಇವತ್ತಿಗೂ ಇದೆ, ನಮ್ಮ ಹಳೆಯ ವಿಳಾಸ, ಹಳೆಯ ನಂಬರ್ ತೋರಿಸುತ್ತ ಕೂತಿದೆ. ನಮ್ಮ ಹೆಸರಿನ ಅಂಗಡಿಗೆ ನಾವೇ ಬೀಗ ಹಾಕಲಾರೆವು, ತೆಗೆಯಲೂ ಆರೆವು. ಹುಡುಗರ ಕೈಲಿ ಮಾಡಿಸಿ, ಆದರೆ ಮಾಲೀಕರ ನಂಬರು, ಮಾಲೀಕರ ಇಮೇಲು. ಹುಡುಗನನ್ನು ಪೇಜು ನಡೆಸುವವನಾಗಿ ಸೇರಿಸಿದರೆ ಸಾಕು. ಪಾಸ್‌ವರ್ಡನ್ನು ಬರೆದು ತಿಜೋರಿಯಲ್ಲಿಡಿ, ಎರಡು ಹಂತದ ಕೀಲಿ (ಪಾಸ್‌ವರ್ಡಿನ ಜೊತೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ) ಹಾಕಿ.

ದುಡ್ಡು ಕೊಟ್ಟು ಜಾಹೀರಾತು ಹಾಕಬೇಕೇ ಅಂತ ಚೀಟಿ ಬಂದಿದೆ. ಹಾಕಬಹುದು, ಆದರೆ ಪೋಸ್ಟಿನ ಕೆಳಗೆ ‘ಬೂಸ್ಟ್’ ಅನ್ನೋ ನೀಲಿ ಗುಂಡಿ ಕಂಡ ಕೂಡಲೆ ಒತ್ತಬೇಡಿ. ಗದಗಿನಲ್ಲಿ ಹಿಟ್ಟಿನ ಗಿರಣಿ ಇದ್ದವನ ಜಾಹೀರಾತನ್ನು ಮೈಸೂರಿನವರು ನೋಡಿ ಮಾಡುವುದೇನು? ಊರಿನ ಸುತ್ತ ಇಷ್ಟು ಕಿಲೊಮೀಟರ್ ಅಂತ ಗೆರೆ ಹಾಕಿ ಕೊಡಲು ಬರುತ್ತದೆ. ಮೊದಲು ಮುನ್ನೂರು ರೂಪಾಯಿ ಹಾಕಿ ನೋಡಿ. ಫಲ ಬಂತೋ ಇಲ್ಲವೋ ತಿಳಿಯಲು ಲೈಕ್ ಎಣಿಸಬೇಡಿ. ಅದೇ ನೋಟ್‌ಬುಕ್ಕಿನ ಹಿಂದಿನ ಪುಟ ತೆಗೆದು, ಹೊಸ ಗಿರಾಕಿ ಬಂದಾಗ “ನಮ್ಮ ಅಂಗಡಿ ಹೆಂಗ ಗೊತ್ತಾತ್ರಿ?” ಅಂತ ಕೇಳಿ ಗೆರೆ ಎಳೆಯಿರಿ. ಸೀರೆ ಅಂಗಡಿಯವರು ಮೂರು ತಿಂಗಳು ಎಳೆದರು. ಮ್ಯಾಪ್ ನೋಡಿ ಬಂದವರು ಎಲ್ಲರಿಗಿಂತ ಹೆಚ್ಚು, ನಂತರ ಹಳೆಯ ಗಿರಾಕಿ ಹೇಳಿ ಕಳಿಸಿದವರು, ಆಮೇಲೆ ಬರಹ ಓದಿದವರು. ಕುಣಿದ ರೀಲ್ಸಿನಿಂದ ಬಂದವರು ಮೂವರು. ಆ ರೀಲ್ಸಿಗೆ ಇಡೀ ದಿನ ಅಂಗಡಿ ಮುಚ್ಚಿದ್ದರು.

ಈಗ ಪ್ರಶ್ನೆಗಳು.

“ಫೋಟೊದಾಗ ನನ್ನ ಮುಖ ತೋರ್ಸಾಕ ಮನಸಿಲ್ರಿ. ಆದ್ರ ಮುಖ ಇಲ್ಲದ ಜನ ನಂಬತಾರೇನು?” ಅಂತ ಹಿಂದೆ ಕೂತ ಅಕ್ಕಾರು ಕೇಳಿದರು.

ಮುಖ ಬೇಡ್ರಿ. ಕೈ ತೋರಿಸಿ. ರೊಟ್ಟಿ ಬಡಿಯುವ ಕೈ, ಕಸೂತಿಯಲ್ಲಿ ಗವಂತಿ ಹೊಲಿಗೆ ಹಾಕುವ ಕೈ. ಕಸೂತಿ ಮಾಡುವವರಿಗಂತೂ ಕೈಯೇ ಬೇಕು. ಗಂಟು ಹಾಕದೆ ಹೊಲಿದು ಮುಂದೆ ಹಿಂದೆ ಒಂದೇ ಥರ ಕಾಣುವುದನ್ನು ಬಟ್ಟೆ ತಿರುಗಿಸಿ ತೋರಿಸಿದರೆ ಮಶಿನ್ ಕೆಲಸದಿಂದ ಅದು ಹೇಗೆ ಬೇರೆ ಅಂತ ಮಾತಿಲ್ಲದೆ ತಿಳಿಯುತ್ತದೆ. ಮನೆಯಿಂದ ವ್ಯಾಪಾರ ಮಾಡುವವರು ಮನೆಯ ನಂಬರ್ ಕೊಡದೆ ಬೇರೆ ಸಿಮ್ ಇಟ್ಟುಕೊಳ್ಳಿ. ಮ್ಯಾಪಿನಲ್ಲಿ ಮನೆಯ ವಿಳಾಸ ಮುಚ್ಚಿ, ಯಾವ ಯಾವ ಭಾಗಕ್ಕೆ ಮುಟ್ಟಿಸುತ್ತೀರಿ ಅನ್ನುವುದನ್ನಷ್ಟೇ ತೋರಿಸಲು ಬರುತ್ತದೆ.

“ನಾವು ನೇಕಾರರು. ಒಬ್ಬೊಬ್ಬರು ಪೇಜ್ ಮಾಡಿ, ಬ್ಲಾಗ್ ಮಾಡಿ, ಮಗ್ಗ ಯಾವಾಗ ನಡಸೋದ್ರಿ?” ಇದು ಇವತ್ತಿನ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಒಬ್ಬೊಬ್ಬರು ಮಾಡಬೇಡಿ. ನಮ್ಮ ಗದಗ ತಾಲೂಕಿನದೇ ಊರಾದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. ಒಬ್ಬನಿಗೆ ಸಾಲ ಕೊಡದ ಲೋಕ, ಕೂಡಿದವರಿಗೆ ಕೊಟ್ಟಿತು. ಹತ್ತು ಮಗ್ಗದವರು ಕೂಡಿ ಒಂದೇ ವಿಳಾಸ ಮಾಡಿ. ಎಂಟು ಇಂಚಿನ ಅಂಚು ಇವರಲ್ಲಿ, ಚೌಕಡಿ ಅವರಲ್ಲಿ ಅಂತ ಹತ್ತೂ ಮನೆಯ ಸೀರೆ ಅದರಲ್ಲಿರಲಿ. ಮೊಬೈಲ್ ತಿಳಿದ ಒಬ್ಬ ಹುಡುಗಿಗೆ ಎಲ್ಲರೂ ಕೂಡಿ ಸಂಬಳ ಕೊಡಿ. ದರದಲ್ಲಿ ಒಬ್ಬರನ್ನೊಬ್ಬರು ಕಡಿಯುವುದಿಲ್ಲ ಅಂತ ಮೊದಲೇ ಮಾತಾಗಲಿ, ಇಲ್ಲದಿದ್ದರೆ ಆರು ತಿಂಗಳಿಗೆ ಹತ್ತು ಪೇಜು ಆಗುತ್ತವೆ. ಹೊರರಾಜ್ಯಕ್ಕೆ ಕಳಿಸಲು ಶುರು ಮಾಡಿದರೆ ಜಿಎಸ್‌ಟಿ ಲೆಕ್ಕ ಬದಲಾಗುತ್ತದೆ, ಮೊದಲ ಪಾರ್ಸೆಲ್ ಕಟ್ಟುವ ಮೊದಲು ತೆರಿಗೆ ಸಲಹೆಗಾರರ ಹತ್ತಿರ ಅರ್ಧ ತಾಸು ಕೂತು ಬನ್ನಿ.

ಕೊನೆಗೆ ಮುಂದಿನ ಸಾಲಿನ ಕಾಕಾ ಕೈ ಎತ್ತಿದರು. “ಇಷ್ಟೆಲ್ಲಾ ಹೇಳಿದಿ ತಮ್ಮಾ, ನಿನ್ನ ಪ್ರೆಸ್ಸಿಗೆ ಬ್ಲಾಗ್ ಐತೇನು?”

ಐತ್ರಿ ಕಾಕಾ. ಹಳೆಯ ಪೇಜು ಹೋದ ಮೇಲೆ ಮಾಡಿದೆ. ಇಲ್ಲಿಯವರೆಗೆ ಬರೆದದ್ದು ಏಳು ಬರಹ. ಆಫ್‌ಸೆಟ್ ಮುದ್ರಣದ ಬಗ್ಗೆ ಭಾಳ ಕಷ್ಟಪಟ್ಟು ಬರೆದದ್ದನ್ನು ನಾನೂ ನನ್ನ ಹೆಂಡತಿಯೂ ಓದಿದ್ದೇವೆ. ಜನ ಓದುವುದು ಒಂದನ್ನೇ: ‘ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಬರಬೇಕು’. ಅಜ್ಜ ತೀರಿಕೊಂಡಿದ್ದರೆ ಹೇಗೆ, ಸೋದರಮಾವಂದಿರು ಮೂವರಿದ್ದರೆ ಹೇಗೆ, ಬೀಗರ ಹೆಸರಿಗೆ ‘ಶ್ರೀಮತಿ ಮತ್ತು ಶ್ರೀ’ ಹೇಗೆ, ಎಲ್ಲ ಬರೆದಿಟ್ಟಿದ್ದೇನೆ. ಗಲ್ಲೆಯ ಮುಂದೆ ನಿಂತು ಎರಡು ಮನೆತನ ಜಗಳ ಆಡಿದ್ದನ್ನು ಮೂವತ್ತು ವರ್ಷ ಕೇಳಿ ಕಲಿತದ್ದು. ಮೊನ್ನೆ ರಾಣೆಬೆನ್ನೂರಿನಿಂದ ಒಬ್ಬರು ಅದನ್ನು ಓದಿ ಫೋನ್ ಮಾಡಿದ್ದರು. ಪತ್ರಿಕೆ ಆಗಲೇ ಬೇರೆ ಕಡೆ ಅಚ್ಚಾಗಿಬಿಟ್ಟಿತ್ತು, ಹಿರಿಯ ಸೋದರಮಾವನ ಹೆಸರೇ ಬಿಟ್ಟುಹೋಗಿತ್ತು, ಅವರು ಮದುವೆಗೇ ಬರುವುದಿಲ್ಲ ಅಂತ ಕೂತಿದ್ದರು. “ಅವರ ಹೆಸರು ಮೊದಲ ಹಾಕಿ ನಾಳೆ ಸಂಜಿಗೆ ಕೊಡ್ತೀರೇನ್ರಿ?” ಅಂದರು. ಇನ್ನೂರು ಪತ್ರಿಕೆ ಮಾಡಿ ಬಸ್ಸಿಗೆ ಹಾಕಿದೆ. ಈ ಸಲ ಪ್ರೂಫನ್ನು ಹೆಂಡತಿ ನೋಡಿದಳು.